2 ಮೈಲಿ ಆಳಕ್ಕೆ 17 ಮೈಲಿ ಕೇಬಲ್: ಸಮುದ್ರದ ತಳ ಮುಟ್ಟಿದ ಒಂದು ಲೆಕ್ಕ



ನಮ್ಮ ಫೋನು ವೈರ್‌ಲೆಸ್ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಅದು ನಿಜ, ಆದ್ರೆ ಹೆಚ್ಚುಕಡಿಮೆ ಹತ್ತಿರದ ಟವರ್‌ವರೆಗೆ ಮಾತ್ರ. ಬೆಂಗಳೂರಲ್ಲಿ ಕೂತು ಲಂಡನ್ನಿನಲ್ಲಿರೋ ಅಕ್ಕನಿಗೆ ವಿಡಿಯೋ ಕಾಲ್ ಮಾಡಿದ್ರೆ, ಆ ಮಾತು ಮುಂಬೈಗೋ ಚೆನ್ನೈಗೋ ಹೋಗಿ ಅಲ್ಲಿ ಸಮುದ್ರಕ್ಕೆ ಇಳಿಯುತ್ತೆ. ದೇಶ ದೇಶಗಳ ನಡುವಿನ ಇಂಟರ್ನೆಟ್‌ನಲ್ಲಿ ಬಹುಪಾಲು ಓಡಾಡೋದು ಸ್ಯಾಟಲೈಟಲ್ಲಿ ಅಲ್ಲ, ಸಮುದ್ರದ ತಳದಲ್ಲಿ ಮಲಗಿರೋ ಕೇಬಲ್‌ಗಳಲ್ಲಿ.

ಸರಿ, ಆ ಕೇಬಲ್ ಅಲ್ಲಿಗೆ ಹೋಗಿ ಮಲಗಿದ್ದು ಹೇಗೆ? ಹಡಗಲ್ಲಿ ಸುತ್ತಿಟ್ಕೊಂಡು, ಹಿಂದಿನಿಂದ ಬಿಡ್ತಾ ಹೋದ್ರೆ ಆಯ್ತಲ್ಲ ಅನ್ಸುತ್ತೆ. ಸುಮಾರು 170 ವರ್ಷದ ಹಿಂದೆ ಲಂಡನ್ನಿನ ಅನೇಕ ಹಣವಂತರಿಗೂ ಹಾಗೇ ಅನ್ಸಿತ್ತು. ನೀರಲ್ಲಿ ಹೋಮ ಅಂತಾರಲ್ಲ, ಅವರ ದುಡ್ಡಿಗೆ ಅಕ್ಷರಶಃ ಅದೇ ಆಯ್ತು.

ನಾನು ಓದಿದ್ದು ಬಿ.ಕಾಂ. ಕ್ಯಾಲ್ಕುಲಸ್‌ಗೂ ನನಗೂ ಅಷ್ಟಕ್ಕಷ್ಟೇ. ಆದ್ರೂ ಈ ಕಥೆ ನನ್ನನ್ನ ಹಿಡಿದು ಕೂರಿಸ್ತು, ಯಾಕಂದ್ರೆ ಇದರಲ್ಲಿ ಎರಡು ಥರದ ಲೆಕ್ಕ ಇದೆ. ಒಂದು ಗಣಿತದ್ದು, ಇನ್ನೊಂದು ದುಡ್ಡಿನದು. ಮೊದಲನೇ ಲೆಕ್ಕ ಕೈಯಲ್ಲಿದ್ದರೂ ಅದನ್ನ ಬಳಸದೇ ಹೋದಾಗ ಎರಡನೇ ಲೆಕ್ಕದ ಬಿಲ್ಲು ಯಾರ ತಲೆಗೆ ಬಿತ್ತು ಅನ್ನೋದು ಇವತ್ತಿನ ವಿಷಯ.

ಕಥೆ ಶುರುವಾಗೋದು 1857ರ ಆಗಸ್ಟ್‌ನಲ್ಲಿ, ಐರ್ಲೆಂಡಿನ ಪಶ್ಚಿಮ ತೀರದ ವ್ಯಾಲೆನ್ಷಿಯಾ ಅನ್ನೋ ಊರಿನಿಂದ. ಸೈರಸ್ ಫೀಲ್ಡ್ ಅಂತ ಒಬ್ಬ ಅಮೆರಿಕನ್, ಕಾಗದದ ವ್ಯಾಪಾರಿ. ಐರ್ಲೆಂಡಿನಿಂದ ಕೆನಡಾ ಪಕ್ಕದ ನ್ಯೂಫೌಂಡ್‌ಲ್ಯಾಂಡಿಗೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಟೆಲಿಗ್ರಾಫ್ ಕೇಬಲ್ ಹಾಕ್ಬೇಕು ಅನ್ನೋದು ಅವನ ಹಟ. ಅದಕ್ಕಾಗಿ ಅಟ್ಲಾಂಟಿಕ್ ಟೆಲಿಗ್ರಾಫ್ ಕಂಪನಿ ಶುರುವಾಯ್ತು. ಬಂಡವಾಳ 3,50,000 ಪೌಂಡ್. ಚೀಫ್ ಇಂಜಿನಿಯರ್ ಚಾರ್ಲ್ಸ್ ಬ್ರೈಟ್‌ಗೆ ಆಗ ಇನ್ನೂ 25 ವರ್ಷ. 2,500 ನಾಟಿಕಲ್ ಮೈಲಿ ಕೇಬಲ್ ತಯಾರಾಯ್ತು. ಒಂದು ನಾಟಿಕಲ್ ಮೈಲಿ ಅಂದ್ರೆ ಸುಮಾರು 1.85 ಕಿಲೋಮೀಟರ್. ಅಷ್ಟನ್ನೂ ಹೊರೋ ಹಡಗು ಆಗ ಕೈಗೆ ಸಿಗ್ಲಿಲ್ಲ. ಅರ್ಧ ಬ್ರಿಟಿಷ್ ಯುದ್ಧನೌಕೆ ಅಗಮೆಮ್ನಾನ್‌ಗೆ, ಅರ್ಧ ಅಮೆರಿಕದ ನಯಾಗರಕ್ಕೆ ತುಂಬಿದ್ರು.

ಹೊರಟು ಒಂದು ವಾರ ಆಗೋದ್ರೊಳಗೆ, ಆಗಸ್ಟ್ 11ರಂದು, ಕೇಬಲ್ ತುಂಡಾಯ್ತು. ಆಗ ಹಡಗಿನ ಕೆಳಗೆ ಸಮುದ್ರದ ಆಳ 2 ಮೈಲಿ, ಅಂದ್ರೆ 3.7 ಕಿಲೋಮೀಟರ್. ಅದುವರೆಗೆ ಬಿಟ್ಟಿದ್ದ ಮುನ್ನೂರು ಚಿಲ್ಲರೆ ಮೈಲಿ ಕೇಬಲ್ ಕಡಲಪಾಲು.

ಕೇಬಲ್ ದುರ್ಬಲವಾಗಿತ್ತಾ? ಕೂಡಿ ಕಳೆದು ನೋಡೋಣ. ನೀರೊಳಗೆ ಆ ಕೇಬಲ್ ತೂಕ ಮೈಲಿಗೆ ಸುಮಾರು 700 ಕೆಜಿ. ಅದು ತಡ್ಕೊಳ್ತಿದ್ದ ಎಳೆತ ಸುಮಾರು 3,300 ಕೆಜಿ. ಅಂದ್ರೆ ನೆಟ್ಟಗೆ ನೇತು ಹಾಕಿದ್ರೂ ಹೆಚ್ಚುಕಡಿಮೆ 5 ಮೈಲಿ ಉದ್ದದ ತನ್ನದೇ ತೂಕವನ್ನ ಹೊರೋ ಶಕ್ತಿ ಅದಕ್ಕಿತ್ತು. ಆಳ ಇದ್ದಿದ್ದು ಬರೀ 2 ಮೈಲಿ, ಬೀಳಬೇಕಿದ್ದ ಭಾರ 1,400 ಕೆಜಿ. ಲೆಕ್ಕದ ಪ್ರಕಾರ ಅರ್ಧಕ್ಕಿಂತ ಹೆಚ್ಚು ಶಕ್ತಿ ಮಿಕ್ಕಿತ್ತು.

ತುಂಡಾಗಿದ್ದು ಬ್ರೇಕ್‌ನಿಂದ. ಆಳ ಹೆಚ್ಚಾದಷ್ಟೂ ಕೇಬಲ್ ತನ್ನ ಭಾರಕ್ಕೆ ತಾನೇ ಸರಸರ ಅಂತ ಓಡೋಕೆ ಶುರು ಮಾಡುತ್ತೆ. ಬಾವಿಗೆ ಕೊಡ ಬಿಟ್ಟಾಗ ಹಗ್ಗ ಕೈಯಿಂದ ಜಾರುತ್ತಲ್ಲ, ಹಾಗೆ. ಹಡಗು ಹೋಗ್ತಿದ್ದ ವೇಗಕ್ಕಿಂತ ಬಹಳ ಜೋರಾಗಿ ಕೇಬಲ್ ಹೊರಗೆ ಹೋಗ್ತಿತ್ತು. ಹೀಗೇ ಬಿಟ್ರೆ ಅರ್ಧ ದಾರಿಯಲ್ಲೇ ಸ್ಟಾಕ್ ಖಾಲಿ. ಅದಕ್ಕೆ ಬ್ರೇಕ್ ಬಿಗಿ ಮಾಡಿದ್ರು. ಅಲೆ ಬಂದು ಹಡಗಿನ ಹಿಂಭಾಗ ಮೇಲೆ ಎದ್ದಾಗ ಬ್ರೇಕ್ ಸಡಿಲ ಮಾಡ್ಬೇಕು. ಕೈಯಿಂದಲೇ ಮಾಡ್ಬೇಕಿದ್ದ ಆ ಕೆಲಸ ಆ ಕ್ಷಣಕ್ಕೆ ಆಗ್ಲಿಲ್ಲ. ಹಡಗು ಎದ್ದಿತು, ಕೇಬಲ್ ಹೋಯ್ತು.

ಇಲ್ಲಿಂದ ಗಣಿತದವರು ಗಂಭೀರವಾಗಿ ಕೂತ್ಕೊಂಡ್ರು. ಅವರ ಮೊದಲ ಪ್ರಶ್ನೆ ತುಂಬಾ ಸರಳ: ಹಡಗಿನಿಂದ ಸಮುದ್ರದ ತಳದವರೆಗೆ ನೀರೊಳಗೆ ಆ ಕೇಬಲ್ ಯಾವ ಆಕಾರದಲ್ಲಿರುತ್ತೆ?

ಬಟ್ಟೆ ಒಣಗಿಸೋ ಹಗ್ಗ ನೋಡಿ. ಎರಡು ಕಂಬದ ನಡುವೆ ಅದು ಜೋತು ಬಿದ್ದಿರುತ್ತೆ. ಆ ಡೊಂಕಿಗೆ ಗಣಿತದಲ್ಲಿ ಕ್ಯಾಟನರಿ ಅಂತ ಹೆಸರು. ಸಮುದ್ರದ ಕೇಬಲ್ ಕೂಡ ಹಾಗೇ ಜೋತು ಬಿದ್ದಿರುತ್ತೆ ಅಂತ ಊಹಿಸೋದು ಸಹಜ. ಆದ್ರೆ ಗ್ಲಾಸ್ಗೋದ ಪ್ರೊಫೆಸರ್ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಅಂತ ಹೆಸರಾದವರು, ಬೇರೆ ಉತ್ತರ ಕೊಟ್ರು. ಹಡಗು ಒಂದೇ ವೇಗದಲ್ಲಿ ಹೋಗ್ತಾ, ಕೇಬಲ್ ಕೂಡ ಒಂದೇ ವೇಗದಲ್ಲಿ ಸಾಕಷ್ಟು ಸಡಿಲವಾಗಿ ಇಳೀತಾ ಇದ್ರೆ, ನೀರೊಳಗೆ ಅದು ಡೊಂಕಾಗೋದೇ ಇಲ್ಲ. ಗೆರೆ ಎಳೆದ ಹಾಗೆ ನೇರವಾಗಿ, ಓರೆಯಾಗಿ ಇರುತ್ತೆ.

ಯಾಕೆ? ಬಟ್ಟೆ ಹಗ್ಗಕ್ಕೆ ಗಾಳಿ ಆಸರೆ ಕೊಡಲ್ಲ. ಸಮುದ್ರದ ಕೇಬಲ್‌ಗೆ ನೀರು ಆಸರೆ ಕೊಡುತ್ತೆ. ಕೇಬಲ್‌ನ ಪ್ರತಿ ತುಂಡೂ ಅಡ್ಡಡ್ಡಲಾಗಿ ಕೆಳಗೆ ಹೋಗೋಕೆ ನೋಡುತ್ತೆ, ನೀರು ಅದನ್ನ ತಡೆಯುತ್ತೆ. ಸ್ವಲ್ಪ ಹೊತ್ತಲ್ಲಿ ತೂಕ ಮತ್ತು ತಡೆ ಎರಡೂ ಸಮ ಆಗಿ, ತುಂಡು ನಿಧಾನಕ್ಕೆ ಒಂದೇ ವೇಗದಲ್ಲಿ ಮುಳುಗುತ್ತೆ. ಮೊದಲು ಬಿಟ್ಟ ತುಂಡು ಹೆಚ್ಚು ಮುಳುಗಿರುತ್ತೆ, ಆಮೇಲೆ ಬಿಟ್ಟದ್ದು ಕಡಿಮೆ. ಎಲ್ಲಾ ಚುಕ್ಕಿಗಳನ್ನ ಸೇರಿಸಿದ್ರೆ ನೇರ ಗೆರೆ. ಇಷ್ಟೇ ಮಾಡೆಲ್.

ಹಡಗಿನ ವೇಗ ಹೆಚ್ಚಾದ್ರೆ ಈ ಗೆರೆ ಇನ್ನೂ ಮಲಗುತ್ತೆ. ವೇಗ ಎರಡರಷ್ಟಾದ್ರೆ ಓರೆ ಹೆಚ್ಚುಕಡಿಮೆ ಅರ್ಧ. 1865ರ ಅಟ್ಲಾಂಟಿಕ್ ಕೇಬಲ್‌ಗೆ ಈ ಲೆಕ್ಕ ಹಾಕಿದಾಗ, ಹಡಗು ಗಂಟೆಗೆ 6 ನಾಟಿಕಲ್ ಮೈಲಿ ಹೋಗೋವಾಗ ಆ ಓರೆ ಬರೀ 7 ಡಿಗ್ರಿಯ ಹತ್ತಿರ ಬಂತು. 6 ನಾಟಿಕಲ್ ಮೈಲಿ ಅಂದ್ರೆ ಆರಾಮಾಗಿ ಸೈಕಲ್ ಹೊಡೆಯೋ ವೇಗ. ಈ ಓರೆಯಲ್ಲಿ 2 ಮೈಲಿ ಆಳ ಮುಟ್ಟೋಕೆ ನೀರೊಳಗೆ 17 ಮೈಲಿ ಕೇಬಲ್ ಇರ್ಬೇಕು. ಹಡಗು ಬಿಟ್ಟ ತುಂಡು ತಳ ಮುಟ್ಟೋಕೆ ಸುಮಾರು 3 ಗಂಟೆ.

ಇದನ್ನ ಕೇಳಿದ ತಕ್ಷಣ ಭಯ ಆಗುತ್ತೆ ಅಲ್ವಾ? 17 ಮೈಲಿ ಕೇಬಲ್ ನೀರಲ್ಲಿದ್ರೆ ಅದರ ತೂಕ ಸುಮಾರು 12,000 ಕೆಜಿ. ಯಾವ ಬ್ರೇಕ್ ತಡೆಯುತ್ತೆ ಅದನ್ನ? ಆದ್ರೆ ಹಡಗಿಗೆ ಬೀಳೋ ಭಾರ 17 ಮೈಲಿಯದ್ದಲ್ಲ, 2 ಮೈಲಿಯದ್ದು ಮಾತ್ರ. ಪಾರ್ಕಲ್ಲಿ ಜಾರುಬಂಡೆ ಇರುತ್ತಲ್ಲ, ಅದರ ಮೇಲೆ ಮಗುವನ್ನ ಹಗ್ಗ ಹಿಡಿದು ನಿಲ್ಲಿಸೋದನ್ನ ನೆನಪು ಮಾಡ್ಕೊಳ್ಳಿ. ಮಗುವಿನ ತೂಕದಲ್ಲಿ ಬಹುಭಾಗ ಬಂಡೆ ಮೇಲೆ, ನಿಮ್ಮ ಕೈಗೆ ಬರೋದು ಸ್ವಲ್ಪ. ನೀರು ಇಲ್ಲಿ 17 ಮೈಲಿ ಉದ್ದದ ಜಾರುಬಂಡೆ ಇದ್ದ ಹಾಗೆ. ಕೇಬಲ್ ಎಷ್ಟೇ ಓರೆಯಾಗಿರಲಿ, ಬ್ರೇಕ್ ತಡೆಯಬೇಕಾದ ಭಾರ ಅಂದ್ರೆ ಆಳ ಗುಣಿಸು ಒಂದು ಮೈಲಿಯ ತೂಕ. ನೀರಿನ ಉಜ್ಜಾಟದಿಂದ ಅದಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತೆ.

ಈ ವಿಚಾರಗಳನ್ನ ಥಾಮ್ಸನ್ 1857ರಲ್ಲೇ, ಮೊದಲ ಕೇಬಲ್ ತುಂಡಾದ ವರ್ಷದಲ್ಲೇ, ಬರೆದ್ರು. ಮರುವರ್ಷ ಲಾಂಗ್ರಿಡ್ಜ್ ಮತ್ತು ಬ್ರೂಕ್ಸ್ ಅನ್ನೋ ಇಂಜಿನಿಯರ್‌ಗಳು ಲಂಡನ್ನಿನ ಸಿವಿಲ್ ಇಂಜಿನಿಯರ್‌ಗಳ ಸಂಸ್ಥೆಯಲ್ಲಿ ಇದೇ ವಿಷಯದ ಮೇಲೆ ಪ್ರಬಂಧ ಮಂಡಿಸಿದ್ರು. ಬ್ರಿಟನ್ನಿನ ರಾಜ ಖಗೋಳಜ್ಞ ಜಾರ್ಜ್ ಏರಿ ಕೂಡ 1858ರಲ್ಲಿ ಕೇಬಲ್ ಇಳಿಸೋ ಯಂತ್ರಶಾಸ್ತ್ರದ ಬಗ್ಗೆ ಲೇಖನ ಪ್ರಕಟಿಸಿದ್ರು. ಅಂದ್ರೆ 1858ರ ಹೊತ್ತಿಗೆ ಲೆಕ್ಕ ಎಲ್ಲರಿಗೂ ಓದೋಕೆ ಸಿಗ್ತಿತ್ತು. ಇದನ್ನ ಸ್ವಲ್ಪ ನೆನಪಿಟ್ಕೊಳ್ಳಿ.

ಈಗ ಮುಖ್ಯವಾದ ಪದ: ಸ್ಲ್ಯಾಕ್. ಕನ್ನಡದಲ್ಲಿ ಸಡಿಲ ಅನ್ನಬಹುದು. ಹಡಗು 100 ಮೈಲಿ ಹೋಗಿ 110 ಮೈಲಿ ಕೇಬಲ್ ಬಿಟ್ಟಿದ್ರೆ, ಸ್ಲ್ಯಾಕ್ ಶೇಕಡಾ 10. ಸಮುದ್ರದ ತಳ ಕೇರಂ ಬೋರ್ಡ್ ಥರ ಸಪಾಟಾಗಿಲ್ಲ. ಅಲ್ಲೂ ಗುಡ್ಡ, ಕಣಿವೆ, ಬಂಡೆ ಎಲ್ಲಾ ಇದೆ. ಸಡಿಲ ಬಿಟ್ರೆ ಕೇಬಲ್ ಏರಿಳಿತಕ್ಕೆ ತಕ್ಕಂತೆ ಮಲಗುತ್ತೆ. ಬಿಗಿಯಾಗಿ ಎಳೆದ್ರೆ ಒಂದು ಗುಡ್ಡದ ತಲೆಯಿಂದ ಇನ್ನೊಂದರ ತಲೆಗೆ ಸೇತುವೆ ಹಾಗೆ ನೇತಾಡುತ್ತೆ. ಹಡಗಿನಲ್ಲಿದ್ದವರಿಗೆ ಅದು ಕಾಣೋದಿಲ್ಲ. ತಳ ಮುಟ್ಟೋಕೆ 3 ಗಂಟೆ ಬೇಕು ಅಂದ್ನಲ್ಲ, ಅಷ್ಟರಲ್ಲಿ ಹಡಗು 17 ಮೈಲಿ ಮುಂದೆ. ಸ್ಟೀರಿಂಗ್ ತಿರುಗಿಸಿ 3 ಗಂಟೆ ಆದ್ಮೇಲೆ ಚಕ್ರ ತಿರುಗೋ ಗಾಡಿ ಓಡಿಸಿದ ಹಾಗೆ. ಆದ್ದರಿಂದ ತಳದ ನಕ್ಷೆ ಮೊದಲೇ ಬೇಕು. ಆಗ ಇದ್ದಿದ್ದು ಮೈಲಿಗಟ್ಟಲೆ ಅಂತರದಲ್ಲಿ ಹಗ್ಗಕ್ಕೆ ಭಾರ ಕಟ್ಟಿ ಇಳಿಬಿಟ್ಟು ಅಳೆದ ಆಳಗಳು ಮಾತ್ರ.

ಕಾಮರ್ಸ್‌ನವರಿಗೆ ಇದು ಬೇಗ ಅರ್ಥ ಆಗುತ್ತೆ. ಸ್ಲ್ಯಾಕ್ ಅಂದ್ರೆ ಖರ್ಚು. ಪ್ರತಿ ಹೆಚ್ಚುವರಿ ಮೈಲಿಗೂ ದುಡ್ಡು ಕೊಡ್ಬೇಕು. ಕೇಬಲ್ ಹಾಕಿದ ದಿನ ಅದರಿಂದ ಯಾವ ಲಾಭವೂ ಕಣ್ಣಿಗೆ ಕಾಣಲ್ಲ. ಹಾಗಾಗಿ ಖರ್ಚು ಕಡಿಮೆ ಮಾಡಿ ಅಂದಾಗ ಮೊದಲು ಕೈ ಹೋಗೋದು ಅಲ್ಲಿಗೇ.

1858ಕ್ಕೆ ಬರೋಣ. ಈ ಸಲ ಬ್ರೇಕ್ ಬದಲಾಗಿತ್ತು. ಎಳೆತ ಗೊತ್ತುಮಾಡಿದ ಮಿತಿ ದಾಟಿದ್ರೆ ತಾನಾಗೇ ಸಡಿಲ ಆಗೋ ಬ್ರೇಕ್ ಬಂತು. ಮನುಷ್ಯ ಮರೆತರೂ ಯಂತ್ರ ಮರೆಯಲ್ಲ. ಜೂನ್‌ನಲ್ಲಿ ಮತ್ತೆ ಮತ್ತೆ ಕೇಬಲ್ ತುಂಡಾಯ್ತು. ಜುಲೈ 29ಕ್ಕೆ ಎರಡು ಹಡಗುಗಳು ಸಾಗರದ ಮಧ್ಯೆ ಕೇಬಲ್ ತುದಿಗಳನ್ನ ಜೋಡಿಸಿ, ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ ಹೊರಟವು. ಆಗಸ್ಟ್ 5ಕ್ಕೆ ಎರಡೂ ದಡ ಸೇರಿದವು. ರಾಣಿ ವಿಕ್ಟೋರಿಯಾ ಅಮೆರಿಕದ ಅಧ್ಯಕ್ಷ ಬುಕ್ಯಾನನ್‌ಗೆ ಕಳಿಸಿದ ನೂರರ ಆಸುಪಾಸಿನ ಪದಗಳ ಸಂದೇಶ ಹೋಗೋಕೆ 16 ಗಂಟೆ ಹಿಡೀತು. ಆದ್ರೂ ಎರಡೂ ಕಡೆ ಸಂಭ್ರಮವೋ ಸಂಭ್ರಮ.

ಕೆಲವೇ ವಾರದಲ್ಲಿ ಕೇಬಲ್ ಸತ್ತಿತು. ಕಂಪನಿಯ ಎಲೆಕ್ಟ್ರಿಷಿಯನ್ ವೈಲ್ಡ್‌ಮನ್ ವೈಟ್‌ಹೌಸ್, ವೃತ್ತಿಯಿಂದ ಸರ್ಜನ್, ಸಿಗ್ನಲ್ ಜೋರಾಗಲಿ ಅಂತ ಸುಮಾರು 2,000 ವೋಲ್ಟ್ ಹರಿಸಿದ್ದ. ಮೊದಲೇ ದೋಷ ಇದ್ದ ಕೇಬಲ್ ಅದನ್ನ ತಾಳಲಿಲ್ಲ. ಉದ್ದದ ಕೇಬಲ್‌ನಲ್ಲಿ ಸಿಗ್ನಲ್ ಯಾಕೆ ನಿಧಾನ ಆಗುತ್ತೆ ಅಂತ ಥಾಮ್ಸನ್ 1850ರ ದಶಕದ ಮಧ್ಯದಲ್ಲೇ ಗಣಿತ ಮಾಡಿ ತೋರಿಸಿದ್ರು. ವೈಟ್‌ಹೌಸ್ ಅದನ್ನ ಒಪ್ಪಿರಲಿಲ್ಲ.

ಆ ಕೆಲವು ವಾರಗಳ ಆಯುಸ್ಸಲ್ಲೇ ಈ ಕೇಬಲ್‌ಗೂ ಭಾರತಕ್ಕೂ ಒಂದು ನಂಟು ಬಿತ್ತು. 1857ರ ದಂಗೆ ಅಡಗಿಸೋಕೆ ಅಂತ ಕೆನಡಾದಲ್ಲಿದ್ದ ಎರಡು ಬ್ರಿಟಿಷ್ ರೆಜಿಮೆಂಟುಗಳನ್ನ ವಾಪಸ್ ಕರೆಸೋ ಆದೇಶ ಆಗಿತ್ತು. ಅಷ್ಟರಲ್ಲಿ ಅವರ ಅಗತ್ಯ ಕಾಣಲಿಲ್ಲ. ಹೊರಡಬೇಡಿ ಅನ್ನೋ ಸಂದೇಶ ಆಗಸ್ಟ್ ಕೊನೆಯಲ್ಲಿ ಇದೇ ಕೇಬಲ್‌ನಲ್ಲಿ ಹೋಯ್ತು. ಅದರಿಂದ 50,000 ಪೌಂಡ್‌ನಷ್ಟು ಉಳಿಯಿತು ಅಂತ ಆಗ ಲೆಕ್ಕ ಹಾಕಿದ್ರು. ಕೇಬಲ್ ಇದ್ದರೆ ಸಾಮ್ರಾಜ್ಯ ನಡೆಸೋದು ಅಗ್ಗ ಅಂತ ಲಂಡನ್‌ಗೆ ಅರ್ಥ ಆಯ್ತು. ಹಾಗಾಗಿ ಮುಂದಿನ ಕೇಬಲ್ ಭಾರತದ ಕಡೆಗೆ, ಅದೂ ಅವಸರವಾಗಿ.

ರೆಡ್ ಸೀ ಆ್ಯಂಡ್ ಇಂಡಿಯಾ ಟೆಲಿಗ್ರಾಫ್ ಕಂಪನಿ. ಸೂಯೆಜ್‌ನಿಂದ ಕೆಂಪು ಸಮುದ್ರದಲ್ಲಿ ಏಡನ್‌ಗೆ, ಅಲ್ಲಿಂದ ಅರಬ್ಬೀ ಸಮುದ್ರದಲ್ಲಿ ಕರಾಚಿಗೆ. ಬಂಡವಾಳ 8,00,000 ಪೌಂಡ್. ಹೂಡಿಕೆದಾರರು ಹೆದರಬಾರದು ಅಂತ ಬ್ರಿಟಿಷ್ ಸರ್ಕಾರ ಗ್ಯಾರಂಟಿ ಕೊಡ್ತು: 50 ವರ್ಷ, ವರ್ಷಕ್ಕೆ ಶೇಕಡಾ 4.5. ಕೇಬಲ್ ಕೆಲಸ ಮಾಡಲಿ, ಮಾಡದೇ ಇರಲಿ.

1859 ಮತ್ತು 1860ರಲ್ಲಿ ಕೇಬಲ್ ಇಳೀತು. ಈಗ ಹಿಂದೆ ನೆನಪಿಟ್ಕೊಳ್ಳಿ ಅಂದಿದ್ದನ್ನ ತೆಗೀರಿ. ಲೆಕ್ಕ 1858ಕ್ಕೇ ಪ್ರಕಟ ಆಗಿತ್ತು. ಆದ್ರೂ ಈ ಕೇಬಲ್ ಬಿಗಿಯಾಗಿ, ಬೇಕಾದಷ್ಟು ಸ್ಲ್ಯಾಕ್ ಇಲ್ಲದೇ ಇಳೀತು. ತಳದ ಏಣುಗಳ ಮೇಲೆ ಅದು ನೇತಾಡ್ತಾ ಉಳೀತು. ಬೆಚ್ಚಗಿನ ನೀರಲ್ಲಿ ಚಿಪ್ಪುಹುಳುಗಳು ಅದರ ಮೇಲೆ ಗೊಂಚಲು ಗೊಂಚಲಾಗಿ ಬೆಳೆದವು. ನೇತಾಡೋ ಹಗ್ಗಕ್ಕೆ ತೂಕ ಹೆಚ್ಚಾಗ್ತಾ ಹೋದ್ರೆ ಏನಾಗುತ್ತೆ? ಒಂದೊಂದು ಕಡೆ ತುಂಡಾಗ್ತಾ ಬಂತು. ಲಂಡನ್ ಮತ್ತು ಭಾರತದ ನಡುವೆ ಸರಿಯಾದ ಸೇವೆ ಕೊಡೋ ಮೊದಲೇ ಕಥೆ ಮುಗೀತು.

ಕೇಬಲ್ ಮುಗೀತು, ಗ್ಯಾರಂಟಿ ಮುಗಿಯಲಿಲ್ಲ. 8 ಲಕ್ಷಕ್ಕೆ 4.5 ಪರ್ಸೆಂಟ್ ಅಂದ್ರೆ ವರ್ಷಕ್ಕೆ 36,000 ಪೌಂಡ್. 50 ವರ್ಷಕ್ಕೆ 18 ಲಕ್ಷ. ಹಾಕಿದ ಬಂಡವಾಳದ ಎರಡು ಪಟ್ಟಿಗಿಂತ ಹೆಚ್ಚು, ಸತ್ತ ಹಗ್ಗಕ್ಕೆ, ಜನರ ತೆರಿಗೆಯಿಂದ. ಷೇರುದಾರ ಸೇಫ್. ಕೇಬಲ್ ಇಳಿಸಿದ ಗುತ್ತಿಗೆದಾರ ತನ್ನ ಕೆಲಸ ಮುಗಿಸಿದ್ದ. ನಷ್ಟ ಹೊತ್ತಿದ್ದು ಖಜಾನೆ. ಸ್ಲ್ಯಾಕ್‌ಗೆ ಅಂತ ಬಿಡಬೇಕಿದ್ದ ಹೆಚ್ಚುವರಿ ಕೇಬಲ್‌ನ ಖರ್ಚು ಇದರ ಮುಂದೆ ಎಷ್ಟರದು?

ಈ ಸರಣಿ ಸೋಲಿನ ಮೇಲೆ ವಿಚಾರಣಾ ಸಮಿತಿ ಕೂತ್ಕೊಂಡು 1861ರಲ್ಲಿ ವರದಿ ಕೊಡ್ತು. ಅದುವರೆಗೆ ಜಗತ್ತಿನಲ್ಲಿ ಹಾಕಿದ್ದ 11,364 ಮೈಲಿ ಸಮುದ್ರ ಕೇಬಲ್‌ನಲ್ಲಿ ಕೆಲಸ ಮಾಡ್ತಿದ್ದದ್ದು ಸುಮಾರು 3,000 ಮೈಲಿ ಮಾತ್ರ. ಸಮಿತಿ ಇಂಜಿನಿಯರ್‌ಗಳನ್ನ, ವಿಜ್ಞಾನಿಗಳನ್ನ ಕರೆದು ಕೂರಿಸಿ ಪ್ರಶ್ನೆ ಕೇಳ್ತು. ಅಲ್ಲಿಂದ ಮುಂದೆ ಅಳತೆ, ಪರೀಕ್ಷೆ, ಲೆಕ್ಕ ಈ ಉದ್ಯಮದ ಭಾಗ ಆದವು.

ಫಲ ಕಂಡಿದ್ದು 1865–66ರಲ್ಲಿ. ಹೊಸ ಕೇಬಲ್ ಸುಮಾರು 7,900 ಕೆಜಿ ಎಳೆತ ತಡೀತಿತ್ತು. ನೀರೊಳಗಿನ ತೂಕ ಮಾತ್ರ ಹಳೇದರಷ್ಟೇ, ಮೈಲಿಗೆ 700 ಕೆಜಿ. 5 ಮೈಲಿ ಇದ್ದ ಶಕ್ತಿ 11 ಮೈಲಿ ಆಯ್ತು. ಅಷ್ಟೂ ಕೇಬಲ್ ಹೊರೋಕೆ ಆ ಕಾಲದ ಅತಿ ದೊಡ್ಡ ಹಡಗು ಗ್ರೇಟ್ ಈಸ್ಟರ್ನ್ ಸಿಕ್ಕಿತು. 1865ರಲ್ಲಿ ಸುಮಾರು 1,200 ಮೈಲಿ ಬಿಟ್ಟ ಮೇಲೆ, ದೋಷ ಸರಿಮಾಡೋಕೆ ಅಂತ ಕೇಬಲನ್ನ ವಾಪಸ್ ಎಳೀತಿದ್ದಾಗ ತುಂಡಾಗಿ ಮುಳುಗಿತು. 1866ರ ಜುಲೈ 27ಕ್ಕೆ ಇನ್ನೊಂದು ಕೇಬಲ್ ನ್ಯೂಫೌಂಡ್‌ಲ್ಯಾಂಡಿನ ಹಾರ್ಟ್ಸ್ ಕಂಟೆಂಟ್ ಅನ್ನೋ ಊರಿಗೆ ಕ್ಷೇಮವಾಗಿ ತಲುಪಿತು. ದೂರ ಸುಮಾರು 1,670 ನಾಟಿಕಲ್ ಮೈಲಿ, ಬಿಟ್ಟ ಕೇಬಲ್ ಸುಮಾರು 1,850. ಸ್ಲ್ಯಾಕ್ ಶೇಕಡಾ 11ರ ಹತ್ತಿರ. ಕಂಜೂಸು ಮಾಡಲಿಲ್ಲ.

ಆಮೇಲೆ ಅದೇ ಹಡಗು ಹಿಂದಿನ ವರ್ಷ ಮುಳುಗಿದ್ದ ಕೇಬಲ್ ಹುಡುಕೋಕೆ ಹೋಯ್ತು. ನಮ್ಮೂರ ಕಡೆ ಬಾವಿಗೆ ಬಿದ್ದ ಕೊಡ ತೆಗೆಯೋಕೆ ಪಾತಾಳಗರಡಿ ಬಿಡ್ತಾರಲ್ಲ, ಅದೇ ತಂತ್ರ, ಆದ್ರೆ ಬಾವಿ 2 ಮೈಲಿ ಆಳ. ಇಲ್ಲೂ ಲೆಕ್ಕ ಇದೆ. ಬಿಗಿಯಾಗಿ ಕಟ್ಟಿದ ಬಟ್ಟೆ ಹಗ್ಗವನ್ನ ಮಧ್ಯೆ ಹಿಡಿದು ಮೇಲೆ ಎತ್ತಿ ನೋಡಿ, ಸ್ವಲ್ಪ ಎತ್ತೋಕೂ ತುಂಬಾ ಬಲ ಬೇಕು. ಸಡಿಲ ಇದ್ರೆ ಸುಲಭ. ತಳದಲ್ಲಿ ಮಲಗಿದ್ದ ಕೇಬಲ್‌ನಲ್ಲಿ ಸ್ಲ್ಯಾಕ್ ಇದ್ದಿದ್ದರಿಂದ ಎತ್ತೋದು ಸಾಧ್ಯ ಆಯ್ತು. ಎಳೆತ ಇನ್ನೂ ಕಡಿಮೆ ಆಗಲಿ ಅಂತ, ಒಂದಕ್ಕಿಂತ ಹೆಚ್ಚು ಹಡಗಿನಿಂದ ಬೇರೆ ಬೇರೆ ಕಡೆ ಹಿಡಿದು ಎತ್ತಿದ್ರು. ಸೆಪ್ಟೆಂಬರ್‌ನಲ್ಲಿ ಹಳೇ ಕೇಬಲ್ ಮೇಲೆ ಬಂತು, ಜೋಡಣೆ ಆಯ್ತು, ಎರಡನೇ ಲೈನ್ ರೆಡಿ. ಖರ್ಚು ಅಂತ ಬರೆದಿದ್ದ ಸ್ಲ್ಯಾಕ್ ಇನ್ಶೂರೆನ್ಸ್ ಆಗಿ ವಾಪಸ್ ಬಂತು.

ಅದೇ ಗ್ರೇಟ್ ಈಸ್ಟರ್ನ್ 1870ರಲ್ಲಿ, ಬಿಸಿಲಿಗೆ ಒಳಗಿನ ಕೇಬಲ್ ಕೆಡದಿರಲಿ ಅಂತ ಬಿಳಿ ಬಣ್ಣ ಬಳಿದ್ಕೊಂಡು ಬಾಂಬೆಗೆ ಬಂತು. ಅಲ್ಲಿಂದ ಏಡನ್ ಕಡೆಗೆ ಕೇಬಲ್ ಇಳಿಸ್ತಾ ಹೋಯ್ತು. ಆ ವರ್ಷವೇ ಬಾಂಬೆ ಮತ್ತು ಲಂಡನ್ ಸಮುದ್ರದ ದಾರಿಯಲ್ಲಿ ಮಾತಾಡಿದವು.

ಸುಮಾರು ನೂರು ವರ್ಷ ಮುಂದೆ ಬರೋಣ. 1956ರಲ್ಲಿ ಅಟ್ಲಾಂಟಿಕ್ ದಾಟಿದ ಮೊದಲ ಟೆಲಿಫೋನ್ ಕೇಬಲ್ ಟ್ಯಾಟ್-1 ಶುರುವಾಯ್ತು. ಒಂದೇ ಸಲಕ್ಕೆ ಬರೀ 36 ಕಾಲ್. ಮರುವರ್ಷ ಅಮೆರಿಕದ ಬೆಲ್ ಲ್ಯಾಬ್ಸ್‌ನ ಎಡ್ವರ್ಡ್ ಝಾಜಾಕ್ ಒಂದು ದೀರ್ಘ ಪ್ರಬಂಧ ಬರೆದ್ರು. ಥಾಮ್ಸನ್ ಕಾಲದ ಆ ನೇರ ಗೆರೆಯೇ ಅದರ ಅಡಿಪಾಯ. ಅದರ ಮೇಲೆ ಇಳಿಜಾರಿನ ತಳ, ಹಡಗಿನ ವೇಗದ ಬದಲಾವಣೆ, ನೀರಿನ ಹರಿವು ಎಲ್ಲವನ್ನೂ ಸೇರಿಸಿದ್ರು. ಮುಂದೆ ಗುಡ್ಡ ಇದೆ, ಅದರ ಏರು ಕೇಬಲ್‌ನ ಓರೆಗಿಂತ ಕಡಿದು ಅಂದ್ರೆ, ಕೇಬಲ್ ಮೊದಲು ಗುಡ್ಡದ ತಲೆ ಮುಟ್ಟಿ ಬುಡದಲ್ಲಿ ನೇತಾಡುತ್ತೆ. ಅದಕ್ಕೆ ಗುಡ್ಡ ಬರೋ ಮೊದಲೇ ಹಡಗು ನಿಧಾನ ಆಗ್ಬೇಕು, ಹೆಚ್ಚು ಸಡಿಲ ಬಿಡ್ಬೇಕು. ಎಷ್ಟು ಮೊದಲು, ಎಷ್ಟು ಹೆಚ್ಚು ಅನ್ನೋದಕ್ಕೆ ಸೂತ್ರ ಸಿಕ್ತು. ಇದೇ ಝಾಜಾಕ್ 1963ರಲ್ಲಿ ಉಪಗ್ರಹದ ಚಲನೆ ತೋರಿಸೋ ಕಂಪ್ಯೂಟರ್ ಅನಿಮೇಷನ್ ಮಾಡಿದವರು. ಆ ಥರದ ಮೊದಮೊದಲ ಸಿನಿಮಾಗಳಲ್ಲಿ ಅದೂ ಒಂದು.

ಇವತ್ತು ಕೇಬಲ್ ಹಡಗುಗಳಲ್ಲಿ ಜಿಪಿಎಸ್ ಇದೆ, ಸೋನಾರ್‌ನಿಂದ ಮಾಡಿದ ತಳದ ನಕ್ಷೆ ಇದೆ. ನೀರೊಳಗೆ ಕೇಬಲ್ ಎಲ್ಲಿ, ಯಾವ ಆಕಾರದಲ್ಲಿದೆ ಅಂತ ಕ್ಷಣಕ್ಷಣಕ್ಕೂ ಲೆಕ್ಕ ಹಾಕೋ ಸಾಫ್ಟ್‌ವೇರ್ ಇದೆ. ತಳ ಸಪಾಟಾಗಿರೋ ಕಡೆ ಶೇಕಡಾ ಕೆಲವೇ ಸ್ಲ್ಯಾಕ್ ಸಾಕಾಗುತ್ತೆ. 2020ರಲ್ಲಿ ಚೆನ್ನೈನಿಂದ ಅಂಡಮಾನ್‌ಗೆ, 2024ರಲ್ಲಿ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಫೈಬರ್ ಕೇಬಲ್ ಬಂತಲ್ಲ, ಅವುಗಳ ಹಿಂದೆಯೂ ಇರೋದು ಇದೇ ಲೆಕ್ಕದ ಪರಂಪರೆ.

ಲೆಕ್ಕದಿಂದ ಎಲ್ಲಾ ಅಪಾಯ ತಪ್ಪುತ್ತೆ ಅಂತ ಅಲ್ಲ. 2024ರ ಶುರುವಿನಲ್ಲಿ ಅದೇ ಕೆಂಪು ಸಮುದ್ರದಲ್ಲಿ, ದಾಳಿಗೆ ಸಿಕ್ಕಿ ಮುಳುಗ್ತಿದ್ದ ರೂಬಿಮಾರ್ ಅನ್ನೋ ಹಡಗಿನ ಲಂಗರು ಎಳೆದು ಕೇಬಲ್‌ಗಳು ತುಂಡಾದವು ಅಂತ ವರದಿಗಳು ಬಂದವು. ಕಡಿದ ಕೇಬಲನ್ನ ಕೊಕ್ಕೆ ಹಾಕಿ ಎತ್ತಿ, ಹಡಗಿನ ಮೇಲೆ ಜೋಡಿಸಿ, ಮತ್ತೆ ಇಳಿಸ್ಬೇಕು. 1866ರ ಕೆಲಸವೇ ಇವತ್ತಿಗೂ.

ನನ್ನ ಮಟ್ಟಿಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿ ಆ 36,000 ಪೌಂಡ್. ನೇರ ಗೆರೆಯ ಲೆಕ್ಕ ಆಗಲೇ ಅಚ್ಚಾಗಿತ್ತು, ಒಂದು ಲೈಬ್ರರಿಗೆ ಹೋಗಿ ಓದೋಷ್ಟು ಹತ್ತಿರದಲ್ಲಿತ್ತು. ನಷ್ಟ ಆದ್ರೆ ತುಂಬಿಕೊಡೋಕೆ ಬೇರೆಯವರು ಇದ್ದಾಗ, ಅದನ್ನ ಓದೋ ಅವಸರ ಯಾರಿಗೂ ಇರಲಿಲ್ಲ. ನಮ್ಮೂರಲ್ಲಿ ಸೇತುವೆ, ಫ್ಲೈಓವರ್, ಕೇಬಲ್ ಯಾವುದಕ್ಕಾದ್ರೂ ಸರ್ಕಾರ ಗ್ಯಾರಂಟಿ ಕೊಡ್ತಿದೆ ಅನ್ನೋ ಸುದ್ದಿ ಓದಿದಾಗ, ಕೆಲಸ ಕೆಟ್ಟರೆ ದುಡ್ಡು ಕಟ್ಟೋರು ಯಾರು ಅನ್ನೋ ಸಾಲನ್ನೂ ಹುಡುಕಿ ಓದಿ.